ರೀಡಿಗೂ ಮಡಿ ಉಡಿಸಿದರು

ಸ್ಯಾಕ್ಸೋಫೋನೋ ಕ್ಲಾರಿನೆಟ್ಟೋ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸದೊಂದು ಮಡಿ ಶುರುವಾಗಿದೆ. ಅಭ್ಯಾಸ ಮುಗಿಯುತ್ತಿದ್ದಂತೆ ರೀಡು, ಎಂದರೆ ವಾದ್ಯದ ಬಾಯಲ್ಲಿ ಕೂತು ನಡುಗುವ ತೆಳು ಪಟ್ಟಿ, ಬಿಸಿನೀರಿಗೆ ಬೀಳುತ್ತದೆ. ವಾರಕ್ಕೊಂದು ದಿನ ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡಿನ ಅಭ್ಯಂಜನ. ನೆಗಡಿ ಕಾಲವಾದರೆ ಡೆಟಾಲ್, ಬಂದ ನೆಂಟರು ಮುಟ್ಟಿ ನೋಡಿದರೆ ಸ್ಯಾನಿಟೈಸರ್. ಇಷ್ಟೆಲ್ಲ ಸ್ನಾನ ಮುಗಿಸಿದ ರೀಡು ಇನ್ನೂ ಒದ್ದೆಯಾಗಿರುವಾಗಲೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸೇರುತ್ತದೆ. ಮುಚ್ಚಳ ಠಪ್ಪನೆ ಕೂತರೆ ಅಮ್ಮನಿಗೂ ಸಮಾಧಾನ, ಮೇಷ್ಟರಿಗೂ ಸಮಾಧಾನ.

ಈ ಆಚಾರದ ಹಿಂದಿನ ನಂಬಿಕೆ ಸರಳ. ಬಾಯಿಗೆ ಹೋಗುವ ವಸ್ತುವಿಗೆ ಎಂಜಲೇ ವೈರಿ. ಎಷ್ಟು ತೊಳೆದರೆ ಅಷ್ಟು ಶುದ್ಧ, ಎಷ್ಟು ಶುದ್ಧವೋ ಅಷ್ಟು ಬಾಳಿಕೆ. ಕೊರೊನಾ ವರ್ಷಗಳಲ್ಲಿ ಬೇರುಬಿಟ್ಟ ಈ ನಂಬಿಕೆಯನ್ನು ವಾದ್ಯದ ಅಂಗಡಿ, ಯೂಟ್ಯೂಬ್ ಗುರು, ಬೇಸಿಗೆ ಶಿಬಿರ ಮೂರೂ ಸೇರಿ ಸಾಕುತ್ತಿವೆ. ರೀಡಿನ ಕಡೆಯಿಂದ ನೋಡಿದರೂ ಊದುವವರ ಶ್ವಾಸಕೋಶದ ಕಡೆಯಿಂದ ನೋಡಿದರೂ ಇದು ತಲೆಕೆಳಗಾದ ಲೆಕ್ಕ. ರೀಡನ್ನು ಹಾಳುಮಾಡುವುದೂ ಊದುವವರ ಎದೆಗೆ ಕಾಯಿಲೆ ಇಳಿಸುವುದೂ ಮುಖ್ಯವಾಗಿ ಒಂದೇ ಸಂಗತಿ: ಒಣಗದೆ ಉಳಿದ ಒದ್ದೆ. ಒಣಗಿಸುವ ಕೆಲಸ ಬಿಟ್ಟು ತೊಳೆಯುವ ಕೆಲಸಕ್ಕೆ ನಿಂತವರು ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕುತ್ತಿದ್ದಾರೆ.

ಬೆಂಗಳೂರಿನ ಗೊರಗುಂಟೆಪಾಳ್ಯದಂಥ ಕಡೆ ಈ ಮಡಿ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸಿಗ್ನಲ್, ತಲೆಯ ಮೇಲೆ 2014ರಿಂದ ಓಡುತ್ತಿರುವ ಮೆಟ್ರೋ, ಒಂದು ಕಡೆ ಯಶವಂತಪುರದ ಎಪಿಎಂಸಿಗೆ ಹೊರಟ ಲಾರಿ, ಇನ್ನೊಂದು ಕಡೆ ಪೀಣ್ಯಕ್ಕೆ ಹೊರಟ ಲಾರಿ. ಹಿಂದಿನ ಗಲ್ಲಿಗಳ ಬಾಡಿಗೆ ಮನೆಗಳಲ್ಲಿ ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಅಡುಗೆಮನೆಯ ಹಬೆ. ಇಂಥ ಮನೆಯಲ್ಲಿ ರೀಡಿಗೆ ಜಾಗ ಸಿಗುವುದು ಸಿಂಕಿನ ಪಕ್ಕದ ಕಟ್ಟೆಯ ಮೇಲೆ, ಕುಕ್ಕರಿನ ಸೀಟಿಯ ಎದುರಿಗೆ. ನಲ್ಲಿಯ ಮೂತಿಗೆ ಬಿಳೀ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ ನೀರಿನ ಗಡಸು. ಆ ನೀರಲ್ಲಿ ದಿನಾ ಮುಳುಗುವ ರೀಡಿನ ಮೇಲೂ ಅದೇ ಪದರ ತೆಳ್ಳಗೆ ಕೂರುತ್ತದೆ. ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹಲವು ಸಮೀಕ್ಷೆಗಳಲ್ಲಿ ದಾಖಲಾಗಿದೆ. ಮಗುವಿನ ಬಾಯಿಯಲ್ಲಿ ಮೊದಲೇ ಇದ್ದ ಕ್ರಿಮಿಗೆ ಹೆದರಿ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಟ್ಯಾಂಕರ್ ನೀರಲ್ಲಿ ರೀಡು ಜಾಲಿಸಿ, ಅದನ್ನೇ ಮತ್ತೆ ಆ ಬಾಯಿಗಿಡುವುದು ಯಾವ ಸೀಮೆಯ ಶುದ್ಧಿಯೋ!

ರೀಡು ಎಂದರೆ ಹುಲ್ಲು. ಕ್ಲಾರಿನೆಟ್ಟಿಗೂ ಸ್ಯಾಕ್ಸೋಫೋನಿಗೂ ಬಳಸುವುದು ಅರುಂಡೋ ಡೋನಾಕ್ಸ್ ಎಂಬ ಎತ್ತರದ ಹುಲ್ಲಿನ ದಂಟು; ಬಿದಿರಿನ ದೂರದ ನೆಂಟ. ಹೆಸರಾದ ದಂಟು ಬೆಳೆಯುವುದು ಫ್ರಾನ್ಸಿನ ದಕ್ಷಿಣ ಕರಾವಳಿಯ ವಾರ್ ಪ್ರಾಂತ್ಯದಲ್ಲಿ. ಎರಡು ವರ್ಷ ಬೆಳೆದದ್ದನ್ನು ಚಳಿಗಾಲದಲ್ಲಿ ಕಡಿದು, ಬಿಸಿಲಿಗೆ ಹಾಕಿ ಹೊನ್ನಿನ ಬಣ್ಣ ಬರಿಸಿ, ಆಮೇಲೆ ಸೀಳುತ್ತಾರೆ. ನಾಗಸ್ವರದ ರೀಡಾದ ಸೀವಾಳಿಗೆ ಕಾವೇರಿ ಬಯಲಿನ ದಂಟು. ಅದನ್ನು ಕಟ್ಟುವ ಕೈಗಳು ಹೆಚ್ಚಾಗಿ ಇರುವುದು ತಮಿಳುನಾಡಿನ ತಿರುವಾವಡುತುರೈಯಲ್ಲಿ. ಶಹನಾಯಿಯ ರೀಡಾದ ಪತ್ತಿಗೆ ನರ್ಕಟ್ ಎಂಬ ಹುಲ್ಲು. ಬಿಹಾರದ ಡುಮರಾಂವ್ ಸುತ್ತ, ಸೋನ್ ನದಿಯ ದಂಡೆಯಲ್ಲಿ ಅದು ಬೆಳೆಯುತ್ತದೆ. ಬಿಸ್ಮಿಲ್ಲಾ ಖಾನ್ ಹುಟ್ಟಿದ್ದೂ ಅದೇ ಊರಲ್ಲಿ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರ್ ಕೈಯಲ್ಲಿ ಸನಾದಿ, ಅಂದರೆ ಶಹನಾಯಿ, ಹಿಡಿದಾಗ ಕೇಳಿದ ಊದು ಖಾನ್ ಸಾಹೇಬರದು. ಅಂದರೆ ಬಿಳಿಗಿಯ ಕಲಾವಿದನ ಕಥೆಗೆ ಕನ್ನಡಿಗರು ಕಣ್ಣೀರು ಹಾಕಿದ್ದು ಎಲ್ಲೋ ಒಂದು ನದಿ ದಂಡೆಯ ಹುಲ್ಲು ನಡುಗಿದ್ದರಿಂದ. ಆ ರಾಜಕುಮಾರರ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಗೊರಗುಂಟೆಪಾಳ್ಯದ ಸಿಗ್ನಲ್ಲಿನಿಂದ ವರ್ತುಲ ರಸ್ತೆಯಲ್ಲಿ ಸ್ವಲ್ಪ ದೂರ ಅಷ್ಟೇ.

ಹುಲ್ಲಿನ ಈ ತುಣುಕು ಎಷ್ಟು ನಾಜೂಕು ಎಂಬುದಕ್ಕೆ ಒಂದು ಅಳತೆ. ಕ್ಲಾರಿನೆಟ್ ರೀಡಿನ ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್, ಎಂದರೆ 100 ಮೈಕ್ರಾನ್. ತುಮಕೂರು ರಸ್ತೆಯಲ್ಲೇ, 1962ರಿಂದ ಮೈಕ್ರಾನ್ ಲೆಕ್ಕದ ಕೆಲಸವನ್ನು ಕಾರ್ಖಾನೆಗಳಿಗೆ ಕಲಿಸುತ್ತ ಬಂದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ) ಇದೆ. ಅಲ್ಲಿಯವರನ್ನು, ನೂರು ಮೈಕ್ರಾನ್ ದಪ್ಪದ ನಾರಿನ ಹಾಳೆಯನ್ನು ಕುದಿಯುವ ನೀರಿಗೆ ಹಾಕಿ ತೆಗೆದರೆ ಆಕಾರ ಉಳಿಯುತ್ತದೆಯೇ ಎಂದು ಕೇಳಿದರೆ ನಗುತ್ತಾರೆ. ಮಧ್ಯಸ್ಥಾಯಿಯ ಒಂದು ಸ್ವರಕ್ಕೆ ಆ ತುದಿ ಸೆಕೆಂಡಿಗೆ 440 ಸಲ ತೆರೆದು ಮುಚ್ಚಬೇಕು. ಎಡಬಲದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಸ್ವರ ಕೀರಲು.

ಹಾಗಿದ್ದೂ ಕುದಿಸುತ್ತಾರೆ. ದಂಟನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಒದ್ದೆಯೂ ಬಿಸಿಯೂ ಒಟ್ಟಿಗೆ ತಾಗಿದಾಗ ಮೆತ್ತಗಾಗುತ್ತದೆ. ಬೆತ್ತದ ಕುರ್ಚಿ ಮಾಡುವವರು ಹಬೆ ಕೊಟ್ಟು ಬೆತ್ತ ಬಗ್ಗಿಸುವುದು ಇದೇ ಗುಣದ ಬಲದಿಂದ. ಸೀವಾಳಿ ಕಟ್ಟುವವರೂ ದಂಟನ್ನು ಬೇಯಿಸುತ್ತಾರೆ ನಿಜ. ಅದು ಆಕಾರ ಕೊಡುವ ಮೊದಲು, ಒಮ್ಮೆ, ಗೊತ್ತಿದ್ದವರ ಕೈಯಲ್ಲಿ. ಆಕಾರ ಬಂದ ಮೇಲೆ ಮನೆಯಲ್ಲಿ ಮತ್ತೆ ಕುದಿಸುವುದೆಂದರೆ ಕಸುಬುದಾರ ಮಾಡಿದ್ದನ್ನು ಪಾತ್ರೆಯಲ್ಲಿ ಬಿಚ್ಚುವುದು.

ಪೆರಾಕ್ಸೈಡಿನ ಕಥೆಯಲ್ಲಿ ಒಂದು ತಮಾಷೆಯಿದೆ. ಅಮೆರಿಕದ ವಿಡಿಯೋಗಳು ಹೇಳುವುದು 3 ಶೇಕಡಾ ದ್ರಾವಣ. ನಮ್ಮ ಮೆಡಿಕಲ್ ಅಂಗಡಿಯ ಕಂದು ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿರುತ್ತದೆ; ಅದು ಸುಮಾರು 6 ಶೇಕಡಾ. ಎಂದರೆ ಅಲ್ಲಿಯ ಸಲಹೆಯನ್ನು ಇಲ್ಲಿಯ ಬಾಟಲಿಯಿಂದ ಪಾಲಿಸುವವರು ಎರಡು ಪಟ್ಟು ಗಾಢವಾದದ್ದರಲ್ಲಿ ರೀಡು ನೆನೆಹಾಕುತ್ತಾರೆ. ಗುಳ್ಳೆ ಬುಸುಬುಸು ಏಳುವುದನ್ನು ನೋಡಿ ‘ನೋಡಿ, ಎಷ್ಟು ಕೊಳೆ ಇತ್ತು’ ಎನ್ನುತ್ತಾರೆ. ಪೆರಾಕ್ಸೈಡ್ ಕಾಗದದ ಕಾರ್ಖಾನೆಗಳಲ್ಲಿ ಮರದ ತಿರುಳನ್ನು ಬಿಳಿಮಾಡಲು ಬಳಸುವ ವಸ್ತು. ಲಿಗ್ನಿನ್ನಿನ ಬಣ್ಣ ತೆಗೆಯುವುದೇ ಅಲ್ಲಿ ಅದರ ಉದ್ಯೋಗ. ರೀಡು ಬೆಳ್ಳಗಾದರೆ ಅದು ಶುದ್ಧವಾಯಿತೆಂಬ ಸಾಕ್ಷಿಯಲ್ಲ.

ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಆರಿಹೋದ ಮೇಲೂ ಉಳಿಯುವುದು ಗ್ಲಿಸರಾಲ್. ಕೈ ಒರಟಾಗದಿರಲೆಂದು ಅದನ್ನು ಸೇರಿಸುತ್ತಾರೆ. ಗಾಳಿಯಲ್ಲಿನ ತೇವವನ್ನು ಎಳೆದು ಹಿಡಿದಿಟ್ಟುಕೊಳ್ಳುವುದು ಗ್ಲಿಸರಾಲಿನ ಸ್ವಭಾವ. ಒಣಗಬೇಕಾದ ವಸ್ತುವಿಗೆ ತೇವ ಹಿಡಿಯುವ ಲೇಪ! ಡೆಟಾಲ್ ಬಾಟಲಿಯ ಮೇಲೆ ಹೊರಗಿನ ಬಳಕೆಗೆ ಮಾತ್ರ ಎಂದು ಅಚ್ಚಾಗಿದೆ. ರೀಡು ಹೋಗುವುದು ತುಟಿಯೊಳಗೆ. ಇನ್ನು ನೀಲಿ ಬೆಳಕಿನ ಯುವಿ ಡಬ್ಬಿ. ಬೆಳಕು ಬಿದ್ದಲ್ಲಿ ಮಾತ್ರ ಅದರ ಆಟ. ಸೀವಾಳಿಯ, ಪತ್ತಿಯ ಎರಡು ಎಲೆಗಳ ನಡುವೆ, ಎಂಜಲು ನಿಜಕ್ಕೂ ನಿಲ್ಲುವ ಸಂದಿಯಲ್ಲಿ, ಕತ್ತಲೆ ಹಾಗೇ ಇರುತ್ತದೆ.

ಬರೀ ನೀರು ತಾನೆ, ರಾತ್ರಿಯಿಡೀ ನೆನೆಸಿದರೆ ಏನು ತೊಂದರೆ ಎನ್ನುವವರೂ ಇದ್ದಾರೆ. ಜಪಾನಿನ ಒಬಟಾಯ ಮತ್ತು ನೊರಿಮೊಟೊ 1999ರಲ್ಲಿ ಈ ದಂಟನ್ನೇ ಹಿಡಿದು ಪರೀಕ್ಷಿಸಿದರು. ದಂಟಿನೊಳಗೆ ನೀರಲ್ಲಿ ಕರಗುವ ಸಕ್ಕರೆಗಳಿವೆ. ರೀಡು ಎಷ್ಟು ಬಿಗಿಯಾಗಿ ನಡುಗುತ್ತದೆ, ನಡುಕ ಎಷ್ಟು ಬೇಗ ಅಡಗುತ್ತದೆ ಎಂಬುದರಲ್ಲಿ ಆ ಸಕ್ಕರೆಗಳ ಕೈವಾಡ ಇದೆ ಎಂದು ತೋರಿಸಿದರು. ಅವು ತೊಳೆದುಹೋದಂತೆ ನಾದದ ಗುಣವೂ ಬದಲಾಗುತ್ತದೆ. ಊದುವಾಗಲೂ ಅವು ಸ್ವಲ್ಪಸ್ವಲ್ಪವೇ ಹೋಗುತ್ತವೆ, ಅದು ತಪ್ಪಿದ್ದಲ್ಲ. ಊದಿ ಸವೆಸಿದ ರೀಡಿಗಾದರೂ ಒಂದು ಸಾರ್ಥಕ್ಯ ಇದೆ. ಬಟ್ಟಲಲ್ಲಿ ನೆನೆದು ಸವೆದದ್ದಕ್ಕೆ ಏನಿದೆ?

ಈಗ ಎಂಜಲಿನ ಮೇಲಿನ ಆರೋಪಕ್ಕೆ ಬರೋಣ. ಜೊಲ್ಲಿನ ಕಿಣ್ವಗಳು ರೀಡನ್ನು ‘ತಿನ್ನುತ್ತವೆ’ ಎಂಬ ಮಾತು ಸಂಗೀತ ತರಗತಿಗಳಲ್ಲಿ ಚಾಲ್ತಿಯಲ್ಲಿದೆ. ಮನುಷ್ಯನ ಜೊಲ್ಲಿನಲ್ಲಿರುವ ಅಮಿಲೇಸ್ ಪಿಷ್ಟವನ್ನು ಒಡೆಯುತ್ತದೆ. ಬಾಯಲ್ಲಿ ಅನ್ನ ಅಗಿಯುತ್ತ ಹೋದರೆ ಸಿಹಿಯಾಗುವುದು ಅದರಿಂದ. ದಂಟಿನ ಒಡಲು ಸೆಲ್ಯುಲೋಸ್ ಮತ್ತು ಲಿಗ್ನಿನ್. ಸೆಲ್ಯುಲೋಸ್ ಒಡೆಯುವ ಕಿಣ್ವ ನಮ್ಮ ದೇಹದಲ್ಲೇ ಹುಟ್ಟುವುದಿಲ್ಲ. ಹಸುವಿಗೂ ಅದು ಸ್ವಂತದ್ದಲ್ಲ, ಹೊಟ್ಟೆಯಲ್ಲಿ ಸಾಕಿಕೊಂಡ ಸೂಕ್ಷ್ಮಜೀವಿಗಳಿಂದ ಬಂದದ್ದು. ಮನುಷ್ಯನ ಜೊಲ್ಲು ಹುಲ್ಲನ್ನು ಜೀರ್ಣಿಸುವಂತಿದ್ದರೆ ಬರಗಾಲದಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಂಜಲು ಮಾಡುವ ಹಾನಿ ಬೇರೆ ಬಗೆಯದು. ಅದರಲ್ಲಿನ ಲವಣ ಒಣಗಿ ರೀಡಿನ ಮೇಲೂ ಮೌತ್‌ಪೀಸಿನ ಒಳಗೂ ಪದರ ಕಟ್ಟುತ್ತದೆ. ಅದರೊಂದಿಗೆ ಬಂದ ಸಕ್ಕರೆ, ಅನ್ನದ ಕಣ ಬೂಷ್ಟಿಗೆ ಊಟವಾಗುತ್ತದೆ. ಇವೆರಡೂ ಊದಿದ ತಕ್ಷಣ ಒರೆಸಿದರೆ ಹೋಗುವಂಥವು.

ಅದಕ್ಕಿಂತ ಮೊದಲೇ ತಡೆಯಬಹುದು, ರೀಡು ತೊಳೆಯುವ ಬದಲು ಬಾಯಿ ತೊಳೆದುಕೊಂಡರೆ. ಮದುವೆ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ, ಎಲೆಅಡಿಕೆ ಹಾಕಿ, ಹಾಗೇ ಆರತಕ್ಷತೆಗೆ ವಾದ್ಯ ಎತ್ತಿದರೆ ಬೆಲ್ಲ, ತುಪ್ಪ, ಸುಣ್ಣ ಎಲ್ಲವೂ ದಂಟಿನ ನಾರಿಗೆ ಇಳಿಯುತ್ತವೆ. ಎರಡು ಸಲ ಬಾಯಿ ಮುಕ್ಕಳಿಸಲು ಅರ್ಧ ಲೋಟ ನೀರು ಸಾಕು. ಪೆರಾಕ್ಸೈಡಿಗೆ ದುಡ್ಡು ಹಾಕುವ ಎಷ್ಟು ಮನೆಗಳಲ್ಲಿ ಮಗು ಚಾಕೊಲೇಟ್ ತಿಂದ ಬಾಯಲ್ಲೇ ಸ್ಯಾಕ್ಸೋಫೋನ್ ಹಿಡಿಯುತ್ತದೆ! ಆ ಮಡಿಗೆ ಬಾಯಿ ಕಾಣುವುದಿಲ್ಲ, ರೀಡು ಮಾತ್ರ ಕಾಣುತ್ತದೆ.

ಎಂಜಲಿನ ಬಗೆಗಿನ ಈ ಗಾಬರಿ ಬರೀ ವೈದ್ಯಕೀಯದ್ದೂ ಅಲ್ಲ. ಬಾಯಿಟ್ಟು ಊದುವ ನಾಗಸ್ವರವನ್ನು ಮಂಗಳವಾದ್ಯ ಎಂದು ಗರ್ಭಗುಡಿಯ ಎದುರು ನಿಲ್ಲಿಸಿದ ಇದೇ ಸಮಾಜ ಅದನ್ನು ಊದಿದವರನ್ನು ಊಟದ ಪಂಕ್ತಿಯಲ್ಲಿ ಕೊನೆಗೆ ಕೂರಿಸಿತ್ತು. ಬಯಲುಸೀಮೆಯಲ್ಲಿ ಸವಿತಾ ಸಮಾಜದವರು, ಕರಾವಳಿಯಲ್ಲಿ ದೇವಾಡಿಗರು ತಲೆಮಾರುಗಳಿಂದ ಈ ವಾದ್ಯ ಹಿಡಿದವರು. ಸೀವಾಳಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ತಿಳಿವಳಿಕೆ ಇದ್ದದ್ದು ಅವರ ಹತ್ತಿರ. ಅವರನ್ನು ಕೇಳುವ ಬದಲು ಇಂಗ್ಲಿಷ್ ವಿಡಿಯೋ ಕೇಳುವುದರಲ್ಲಿ ಹಳೇ ಮಡಿಯ ಒಂದು ಎಳೆ ಇಲ್ಲವೆನ್ನಲು ಬರುವುದಿಲ್ಲ.

ಅವರ ವಾದ್ಯವನ್ನು ಹತ್ತಿರದಿಂದ ನೋಡಿದರೆ ಸಾಕು, ಪಾಠ ಅಲ್ಲೇ ತೂಗುತ್ತಿರುತ್ತದೆ. ನಾಗಸ್ವರದ ಮೇಲ್ತುದಿಯಲ್ಲಿ ಲೋಹದ ಕೆಂಡೆ, ಅದರ ಮೇಲೆ ಸೀವಾಳಿ. ಕೆಳಗೆ ದಾರಗಳಲ್ಲಿ ಮೂರ್ನಾಲ್ಕು ಬದಲಿ ಸೀವಾಳಿಗಳು, ಜೊತೆಗೊಂದು ದಂತದ್ದೋ ಕೊಂಬಿನದ್ದೋ ಸಣ್ಣ ಸೂಜಿ. ನೋಡುವವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಕಲಾವಿದರು ಕೀರ್ತನೆಯ ನಡುವೆ, ಡೋಲಿನ ತನಿ ನಡೆಯುವಾಗ, ಸೀವಾಳಿ ಕಳಚಿ ಜೋರಾಗಿ ಒಮ್ಮೆ ಊದಿ ನೀರು ಹೊರಹಾಕುತ್ತಾರೆ. ಸೂಜಿಯನ್ನು ಎಲೆಗಳ ನಡುವೆ ಹಗುರವಾಗಿ ಹಾಯಿಸಿ ಅಂಟಿದ್ದನ್ನು ಬಿಡಿಸುತ್ತಾರೆ, ಸೀವಾಳಿಯ ಬಾಯಿ ಮುಚ್ಚಿಕೊಂಡಿದ್ದರೆ ಅದೇ ಸೂಜಿಯಿಂದ ಕೂದಲಷ್ಟು ತೆರೆಯುತ್ತಾರೆ. ಅದನ್ನು ತೂಗಬಿಟ್ಟು ಒಣಗಿದ ಇನ್ನೊಂದನ್ನು ತುಟಿಗಿಡುತ್ತಾರೆ. ಸುತ್ತಲೂ ಗಾಳಿ ಆಡುವಂತೆ ತೂಗುವ ಆ ಗೊಂಚಲಿಗಿಂತ ಒಳ್ಳೆಯ ಒಣಗುತಾಣವನ್ನು ಯಾವ ಕಂಪನಿಯೂ ಡಬ್ಬಿಯಲ್ಲಿ ಹಾಕಿ ಮಾರಿಲ್ಲ. ಸರದಿಯಲ್ಲಿ ಬಳಸುವುದು, ಪ್ರತಿ ಸಲ ನೀರು ತೆಗೆಯುವುದು, ಗಾಳಿಗೆ ಬಿಡುವುದು: ಮೂರೂ ಒಂದು ಗೇಣು ಜಾಗದಲ್ಲಿ ನಡೆಯುತ್ತವೆ. ಅಲ್ಲಿ ಬಿಸಿನೀರಿನ ಬಟ್ಟಲು ಇಲ್ಲವೇ ಇಲ್ಲ.

ಇದಕ್ಕೆ ಎದುರಾಡುವವರ ಕೈಯಲ್ಲಿ ಒಂದು ಗಟ್ಟಿ ಆಯುಧ ಇದೆ. 2016ರಲ್ಲಿ ‘ಥೊರಾಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಒಂದು ಪ್ರಕರಣ ಬರೆದರು. ದಿನಾ ಬ್ಯಾಗ್‌ಪೈಪ್ ಊದುತ್ತಿದ್ದ 61 ವರ್ಷದ ವ್ಯಕ್ತಿಯೊಬ್ಬರಿಗೆ ವರ್ಷಗಟ್ಟಲೆ ಒಣಕೆಮ್ಮು, ಏದುಸಿರು. ಕೊನೆಗೆ 2014ರಲ್ಲಿ ತೀರಿಕೊಂಡರು. ಅವರ ವಾದ್ಯದ ಚೀಲದಲ್ಲಿ, ಕತ್ತಿನಲ್ಲಿ, ರೀಡಿನ ಕವಚದಲ್ಲಿ ಬಗೆಬಗೆಯ ಬೂಷ್ಟು ಸಿಕ್ಕಿತು. ‘ಬ್ಯಾಗ್‌ಪೈಪ್ ಲಂಗ್’ ಎಂಬ ಹೆಸರಲ್ಲಿ ಸುದ್ದಿ ಜಗತ್ತು ಸುತ್ತಿತು. ತೊಳೆಯುವ ಪಕ್ಷದವರು ಇಂದಿಗೂ ಅದನ್ನೇ ಎತ್ತಿ ಹಿಡಿಯುತ್ತಾರೆ. ಎತ್ತಿ ಹಿಡಿಯಲಿ, ಆದರೆ ಪೂರ್ತಿ ಓದಲಿ. ಆ ವ್ಯಕ್ತಿ ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋದಾಗ ವಾದ್ಯ ಮನೆಯಲ್ಲೇ ಉಳಿದಿತ್ತು, ಉಸಿರಾಟ ತಾನಾಗಿ ಸುಧಾರಿಸಿತ್ತು. ಎದೆಗೆ ಇಳಿದದ್ದು ಒದ್ದೆ ಒಡಲಲ್ಲಿ ಬೆಳೆದ ಬೂಷ್ಟಿನ ಕಣಗಳು. ಬ್ಯಾಗ್‌ಪೈಪಿನ ಚೀಲವೆಂದರೆ ಉಸಿರಿನ ತೇವ ತುಂಬಿ, ಗಾಳಿ ಆಡದೆ ಕುಳಿತ ಜಾಗ. ಒದ್ದೆ ರೀಡನ್ನು ಮುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯೂ ಅಂಥದೇ ಜಾಗ, ಗಾತ್ರ ಮಾತ್ರ ಚಿಕ್ಕದು. ಸ್ಯಾಕ್ಸೋಫೋನ್ ಊದುವವರಲ್ಲೂ ಬೂಷ್ಟಿನಿಂದ ಇಂಥ ಕಾಯಿಲೆ ಬಂದದ್ದು ವೈದ್ಯಕೀಯ ಬರಹಗಳಲ್ಲಿದೆ. ಅದು ಗಾಬರಿಗೆ ಕಾರಣವೇ ಹೌದು. ಆ ಗಾಬರಿ ಒಣಬಟ್ಟೆಯ ಕಡೆ ತಿರುಗಬೇಕಿತ್ತು, ಬಾಟಲಿಯ ಕಡೆ ತಿರುಗಿತು.

ಬ್ಯಾಕ್ಟೀರಿಯಾದ ಮಾತೂ ಇದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದ್ಯಗಳ ಮೇಲೆ ಬಿಟ್ಟ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಒಂದೆರಡು ದಿನದೊಳಗೆ ಸತ್ತವು. ಕ್ಷಯದ ಜಾತಿಯ ಕೆಲವು ಮಾತ್ರ ಎರಡು ವಾರದ ಹತ್ತಿರ ಬದುಕಿದ್ದವು. ಇದನ್ನು ಓದಿ ಒಬ್ಬರ ರೀಡನ್ನು ಇನ್ನೊಬ್ಬರು ಬಾಯಿಗಿಡಬಾರದು ಎಂದು ತೀರ್ಮಾನಿಸಿದರೆ ಸರಿ. ಇದೇ ಜಾಗದಲ್ಲಿ ನಮ್ಮ ಆಚಾರ ಎಡವುವುದು. ಒಂದೇ ಸ್ಯಾಕ್ಸೋಫೋನಿಗೆ ಇಬ್ಬರು ಮೂವರು ಮಕ್ಕಳನ್ನು ಹಚ್ಚುವ ತರಗತಿಗಳಲ್ಲಿ, ಒಬ್ಬ ಊದಿದ ಮೇಲೆ ರೀಡಿಗೆ ಒಂದು ಸ್ಪ್ರೇ ಹೊಡೆದು, ಎರಡು ಸೆಕೆಂಡು ಅಲ್ಲಾಡಿಸಿ, ಇನ್ನೊಬ್ಬನ ಬಾಯಿಗೆ ಕೊಡುತ್ತಾರೆ. ನಾರುನಾರಾದ ದಂಟಿನ ಒಳಗೆ ಎರಡು ಸೆಕೆಂಡಿನಲ್ಲಿ ಯಾವ ದ್ರವವೂ ಇಳಿದು ಕೆಲಸ ಮುಗಿಸುವುದಿಲ್ಲ. ಸ್ಪ್ರೇ ಇದೆಯೆಂಬ ಧೈರ್ಯದಿಂದಲೇ ಹಂಚಿಕೊಳ್ಳುವ ಕೆಟ್ಟ ಚಾಳಿ ಮುಂದುವರಿಯುತ್ತಿದೆ. ಮೌತ್‌ಪೀಸ್ ಗಟ್ಟಿ ರಬ್ಬರಿನದು ಅಥವಾ ಪ್ಲಾಸ್ಟಿಕ್ಕಿನದು. ಅದನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯಬಹುದು, ತೊಳೆಯಬೇಕು ಕೂಡ. ರೀಡು ಮಾತ್ರ ಅವರವರದ್ದೇ. ಗಂಟಲು ಸೋಂಕಿನ ದಿನಗಳಲ್ಲಿ ಊದಿದ ರೀಡನ್ನು ಉಳಿಸಿಕೊಳ್ಳಲು ಒದ್ದಾಡುವುದೂ ಬೇಡ, ಎಸೆದರಾಯಿತು. ಕಪ್ಪೋ ಗುಲಾಬಿಯೋ ಬೂಷ್ಟು ಎದ್ದದ್ದಕ್ಕೂ ಅದೇ ಗತಿ.

ಹಾಗೆಂದು ಕಂಡ ಕಲೆಯೆಲ್ಲ ಬೂಷ್ಟಲ್ಲ. ರೀಡಿನ ಬುಡದ ಕಡೆ, ಸಿಪ್ಪೆ ಉಳಿದಿರುವ ಭಾಗದಲ್ಲಿ, ಕಂದು ಚುಕ್ಕೆಗಳು, ನೇರಳೆ ಛಾಯೆಯ ಮಚ್ಚೆಗಳು ಇರುತ್ತವೆ. ಅವು ಗದ್ದೆಯಿಂದಲೇ ಬಂದ ಗುರುತು. ಹೊಸ ಪೊಟ್ಟಣ ಒಡೆದು ಅದನ್ನು ಕಂಡು ‘ಫಂಗಸ್’ ಎಂದು ಉಜ್ಜಲು ಕೂತವರುಂಟು. ಬೂಷ್ಟು ಏಳುವುದು ಹೆಚ್ಚಾಗಿ ಕೆತ್ತಿದ ಭಾಗದಲ್ಲಿ ಮತ್ತು ಚಪ್ಪಟೆ ಬೆನ್ನಿನಲ್ಲಿ, ಒದ್ದೆ ನಿಂತಲ್ಲಿ. ಮುಗ್ಗಲು ವಾಸನೆ ಜೊತೆಗಿರುತ್ತದೆ.

ಬೆಂಗಳೂರಿನ ಹವೆಗೆ ಬಂದರೆ, ಮಾರ್ಚಿನ ಮಧ್ಯಾಹ್ನ ಗಾಳಿಯ ತೇವ 30 ಶೇಕಡಾಕ್ಕಿಂತ ಕೆಳಗಿಳಿಯುವುದುಂಟು. ಜುಲೈನ ಬೆಳಗ್ಗೆ 85 ದಾಟುತ್ತದೆ. ಬೇಸಿಗೆಯಲ್ಲಿ ತುದಿ ಅಲೆಅಲೆಯಾಗಿ ಸುರುಟುತ್ತದೆ, ಮಳೆಗಾಲದಲ್ಲಿ ಬೂಷ್ಟಿನ ಭಯ. ಎರಡಕ್ಕೂ ಒಂದೇ ಮುಚ್ಚಿದ ಡಬ್ಬಿ ಮದ್ದೆಂದು ಅಂಗಡಿಯವರು ಮಾರುತ್ತಾರೆ. ತೇವವನ್ನು ಹದದಲ್ಲಿಡುವ ಪೊಟ್ಟಣಗಳು ಸಿಗುತ್ತವೆ, ಅವು ಕೆಲಸವನ್ನೂ ಮಾಡುತ್ತವೆ. ಆದರೆ ಒರೆಸಿ ಆರಿಸಿದ ರೀಡಿಗೆ ಮಾತ್ರ; ಒದ್ದೆಯದನ್ನು ಹಾಕಿ ಮುಚ್ಚಿದರೆ ಪೊಟ್ಟಣ ಏನು ಮಾಡೀತು? ಸ್ಯಾಕ್ಸೋಫೋನ್ ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ಬೇರೂರಿದ್ದೇ ಮಳೆ ಸುರಿಯುವ ಕರಾವಳಿಯಲ್ಲಿ ಎಂಬುದನ್ನು ಈ ಡಬ್ಬಿಭಕ್ತರು ಮರೆಯುತ್ತಾರೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕದ್ರಿ ಗೋಪಾಲನಾಥ್ (1949–2019) ನಾಗಸ್ವರ ವಿದ್ವಾನ್ ತನಿಯಪ್ಪನವರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಒಲಿಸಿಕೊಂಡವರು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಸ್ಯಾಕ್ಸೋಫೋನ್ ತಂದಾಗಲೂ ಇಲ್ಲಿ ರೀಡ್ ಸ್ಯಾನಿಟೈಸರಿನ ಮಾರುಕಟ್ಟೆ ಇರಲಿಲ್ಲ. ಆಗಲೂ ದಂಟು ಅದೇ ದಂಟು, ಮಂಗಳೂರಿನ ಮಳೆ ಇನ್ನೂ ಜೋರು.

ದಂಟಿನ ಕಾಟವೇ ಬೇಡ, ಪ್ಲಾಸ್ಟಿಕ್ ರೀಡು ಹಾಕಿಬಿಡಿ ಎನ್ನುವ ಪಕ್ಷವೂ ಬೆಳೆಯುತ್ತಿದೆ. ಕೆನಡಾದ ಲೆಜೇರ್ ಕಂಪನಿ 1990ರ ದಶಕದ ಕೊನೆಯಿಂದ ಕೃತಕ ರೀಡು ಮಾಡುತ್ತಿದೆ, ಒಳ್ಳೆಯ ವಾದಕರೇ ಊದುತ್ತಾರೆ. ಅದರ ನಾದವನ್ನು ಹಳಿಯುವುದು ನ್ಯಾಯವಲ್ಲ. ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ ಕೊಡಬಲ್ಲವರು ಕೊಳ್ಳಲಿ, ಸೋಪು ನೀರಲ್ಲಿ ಧಾರಾಳವಾಗಿ ತೊಳೆಯಲಿ. ನಗು ಬರುವುದು ‘ನಿರ್ವಹಣೆ ಶೂನ್ಯ’ ಎಂಬ ಜಾಹೀರಾತಿಗೆ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಆದ್ದರಿಂದ ಎಂಜಲೆಲ್ಲ ಮೇಲೆಯೇ ನಿಲ್ಲುತ್ತದೆ, ಮೌತ್‌ಪೀಸಿನ ಮೂಲೆಗೆ ಹರಿಯುತ್ತದೆ. ಒರೆಸದಿದ್ದರೆ ಅಲ್ಲೂ ಅದೇ ಕಥೆ.

ಮನೆಯಲ್ಲಿ ಮಾಡಬೇಕಾದದ್ದು ಬಟ್ಟಲು ತೊಳೆಯುವುದಕ್ಕಿಂತ ಕಡಿಮೆ ಕೆಲಸ. ಊದಿ ಮುಗಿದ ಕೂಡಲೇ ರೀಡನ್ನು ಮೌತ್‌ಪೀಸಿನಿಂದ ಕಳಚಬೇಕು. ಬಿಗಿದು ಹಾಗೇ ಬಿಟ್ಟರೆ ಒಂದು ಮೈ ಒಣಗಿ ಇನ್ನೊಂದು ಒದ್ದೆ ಉಳಿಯುತ್ತದೆ, ಬೆನ್ನು ಬಾಗುವುದು ಹೀಗೆ. ಹಳೇ ಹತ್ತಿ ಪಂಚೆಯ ತುಂಡಿನ ನಡುವೆ ಹಿಡಿದು ಬುಡದಿಂದ ತುದಿಯ ಕಡೆಗೆ ಮಾತ್ರ ಎಳೆಯಬೇಕು, ತಿರುಗಾಮುರುಗಾ ಉಜ್ಜಿದರೆ ತುದಿ ಸೀಳುತ್ತದೆ. ಏನಾದರೂ ತಿಂದು ಊದಿದ್ದರೆ ಕುಡಿಯುವ ನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು, ನೆನೆಹಾಕುವುದಿಲ್ಲ. ಆಮೇಲೆ ಚಪ್ಪಟೆ ಬದಿ ಕೆಳಗಾಗಿ ಗಾಜಿನ ತುಂಡಿನ ಮೇಲೆ, ಬಿಸಿಲೂ ಫ್ಯಾನಿನ ನೇರ ಗಾಳಿಯೂ ಇಲ್ಲದ ಕಡೆ, ಅಡುಗೆಮನೆಯಿಂದ ದೂರ ಇಡಬೇಕು. ಸ್ವಲ್ಪ ಹೊತ್ತಾದ ಮೇಲೆ ಒಮ್ಮೆ ಮಗುಚಿದರೆ ಒಳ್ಳೆಯದು. ಪೂರ್ತಿ ಆರಿದ ಮೇಲೆ ತೂತುಗಳಿರುವ ಡಬ್ಬಿಗೆ ಹೋಗಲಿ. ನಾಲ್ಕು ರೀಡಿಟ್ಟುಕೊಂಡು, ಸಿಪ್ಪೆಯ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆದು, ಸರದಿಯಲ್ಲಿ ಊದಿದರೆ ಪ್ರತಿಯೊಂದಕ್ಕೂ ಮೂರು ದಿನದ ವಿಶ್ರಾಂತಿ. ದೇಹದ ರೋಗನಿರೋಧಕ ಶಕ್ತಿ ಕುಂದಿರುವವರು, ಕೀಮೋ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳಿ ರೀಡನ್ನು ಇನ್ನೂ ಬೇಗ ಬದಲಿಸಬೇಕು. ಅವರಿಗೂ ಹಳೆಯದನ್ನು ಕುದಿಸುವುದಕ್ಕಿಂತ ಹೊಸದು ಹಾಕುವುದು ಕ್ಷೇಮ.

ಮುಂದಿನ ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರದ ಚೀಟಿ ಕೈಗೆ ಬಂದಾಗ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ರೀಡ್ ಸ್ಪ್ರೇ, ಪೆರಾಕ್ಸೈಡ್, ಏರ್‌ಟೈಟ್ ಬಾಕ್ಸ್ ಎಂದಿದ್ದರೆ ತಂದೆತಾಯಂದಿರು ಅದನ್ನು ಹೊಡೆದು ಹಾಕಿ ಮೇಷ್ಟರ ಹತ್ತಿರವೇ ವಾಪಸು ಕಳಿಸಬಹುದು. ಆ ದುಡ್ಡಿಗೆ ಇನ್ನೆರಡು ರೀಡು ಬರುತ್ತವೆ, ತನ್ನ ರೀಡನ್ನು ಪಕ್ಕದವನಿಗೆ ಕೊಡುವ ಪ್ರಸಂಗವೇ ಮಗುವಿಗೆ ಬರುವುದಿಲ್ಲ. ಗಾಜಿನ ಅಂಗಡಿಯಲ್ಲಿ ಕಿಟಕಿಗೆ ಕತ್ತರಿಸಿ ಉಳಿದ ಅಂಗೈಯಗಲದ ತುಂಡು ಕೇಳಿದರೆ ಅಂಚು ಉಜ್ಜಿ ಕೊಡುತ್ತಾರೆ. ನಾಲ್ಕು ರೀಡು ಪಕ್ಕಪಕ್ಕ ಮಲಗಲು ಅಷ್ಟು ಜಾಗ ಸಾಕು.